ತೋಟದ ಹಳ್ಳದಲ್ಲೇ ಕುಣಿಯುವ ಕಪ್ಪೆ ಸಿಕ್ಕಿತು

ಹಳ್ಳಕ್ಕೆ ಇಳಿಯಲು ಶುರುಮಾಡಿ ಇದು ನಾಲ್ಕನೇ ವರ್ಷ. ಕೊನೆಗೂ ಮನಸ್ಸು ತುಂಬುವಷ್ಟು ಸಿಕ್ಕಿತು. ಒಂದಲ್ಲ, ಸುಮಾರು 40 ಅಡಿ ಉದ್ದದಲ್ಲಿ 11 ಗಂಡು. "ತೋಟಕ್ಕೆ ಹೊಡೆಯೋ ತುತ್ತ ಸುಣ್ಣ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್‌ನ ಕೊಳಕು ನೀರು ಬೀಳೋ ಹಳ್ಳ ಮಾರಾಯ, ಅಲ್ಲೇನಿರುತ್ತೆ? ಚಾರ್ಮಾಡಿ ಘಾಟಿ ಕಡೆ ಹೋಗು" ಅಂತ ಹೇಳುತ್ತಿದ್ದ ಮೂಡಿಗೆರೆಯ ಗೆಳೆಯರಿಗೆ ಫೋಟೋ ಕಳಿಸಿದ್ದೇನೆ. ಈಗ ಅವರೇ ಯಾವಾಗ ಬರಲಿ ಅಂತ ಕೇಳುತ್ತಿದ್ದಾರೆ.

ಗಂಡು ಇನ್ನೊಂದು ಗಂಡಿಗೆ ಹಿಂಗಾಲು ಎತ್ತಿ ಚಾಚಿ ತೋರಿಸುತ್ತೆ, ಕುಣಿತ ಅಂದರೆ ಅದೇ. ಈ ಕಪ್ಪೆಗೆ ಇರುವುದು ಕೊಟ್ಟಿಗೆಹಾರದ ಹೆಸರು, Micrixalus kottigeharensis. ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲೇ ಹೆಸರಿಟ್ಟಿದ್ದು. ನಮ್ಮ ಊರಿನ ಹೆಸರು ಹೊತ್ತ ಪ್ರಾಣಿಯನ್ನು ನಮ್ಮ ಹಳ್ಳದಲ್ಲೇ ನೋಡಬೇಕು ಅನ್ನೋ ಹಟ ನನ್ನದು.

ಮೊದಲ ಎರಡು ವರ್ಷ ಪೂರ್ತಿ ದಂಡ. ಬೇರೆ ಕಪ್ಪೆಗಳ ಅಭ್ಯಾಸದಲ್ಲಿ ರಾತ್ರಿಯೇ ಹೋಗುತ್ತಿದ್ದೆ. 2,400 ರೂಪಾಯಿಯ ಹಣೆ ಟಾರ್ಚ್, ಕಾಲಿಗೆ ಹತ್ತುವ ಇಂಬಳಕ್ಕೆ (ಜಿಗಣೆ) ಹೊಗೆಸೊಪ್ಪಿನ ನೀರು, ಮಳೆಯಲ್ಲಿ ಮೂರು ಗಂಟೆ ಅಲೆದಾಟ. ಇರುಳುಗಪ್ಪೆ ಸಿಕ್ಕಿತು, ಏಡಿ ಸಿಕ್ಕಿತು, ಇದು ಮಾತ್ರ ಇಲ್ಲ. ಇದು ಹಗಲಿನ ಕಪ್ಪೆ ಅಂತ ಓದಿದ್ದೆ, ಆದರೂ ರಾತ್ರಿ ಕಲ್ಲಿನ ಮೇಲೆ ಮಲಗಿರುತ್ತೆ, ಸುಲಭ ಅಂದುಕೊಂಡೆ. ಆಮೇಲೆ ಕೂಗು ಹಿಡಿಯೋಣ ಅಂತ 9 ಸಾವಿರ ಕೊಟ್ಟು ರೆಕಾರ್ಡರ್ ತಂದೆ. ಅದರಲ್ಲಿ ಬರೀ ನೀರಿನ ಸದ್ದು. ಪೆಟ್ರೋಲೂ ಸೇರಿ 25 ಸಾವಿರದ ಹತ್ತಿರ ಹೋಗಿರಬೇಕು. ಆ ವರ್ಷ ಕಾಳುಮೆಣಸಿನ ರೇಟೂ ಬಿದ್ದಿತ್ತು, ಮನೆಯಲ್ಲಿ ಮಾತು ಕೇಳಬೇಕಾಯಿತು.

ಮಧ್ಯೆ ಇನ್ನೊಂದು ಪ್ರಯೋಗ. ಜಪಾನಿನ ಹೊಳೆಗಳಲ್ಲಿ ಒಂದೂವರೆ ಮೀಟರ್ ತನಕ ಬೆಳೆಯುವ ಸಲಮಾಂಡರ್ (ಕಪ್ಪೆಯ ಬಳಗದ, ಬಾಲವಿರುವ ಪ್ರಾಣಿ) ಇದೆ, ಬಂಡೆಯಡಿಯ ಪೊಟರೆಯಲ್ಲಿ ಇರುತ್ತೆ. ನಮ್ಮ ಘಟ್ಟದಲ್ಲಿ ಸಲಮಾಂಡರ್ ಇಲ್ಲವೇ ಇಲ್ಲ, ಅದು ಬೇರೆ ಮಾತು. ಆದರೆ ಅಂಥ ಪೊಟರೆಯೊಳಗೆ ಕ್ಯಾಮೆರಾ ತೂರಿಸುವ ವೀಡಿಯೊ ನೋಡಿ ನಾನೂ 1,600 ರೂಪಾಯಿಯ ಪೈಪ್ ಕ್ಯಾಮೆರಾ ತರಿಸಿದೆ. ಕೆಸರು, ಏಡಿಯ ಕೊಂಡಿ, ಅಷ್ಟೇ ಕಂಡಿದ್ದು. ಗಂಡುಕಪ್ಪೆ ತನ್ನನ್ನೇ ನೋಡಿ ಕಾಲೆತ್ತಲಿ ಅಂತ ಕಲ್ಲಿನ ಪಕ್ಕ ಸಣ್ಣ ಕನ್ನಡಿಯನ್ನೂ ಇಟ್ಟೆ. ಐದು ನಿಮಿಷಕ್ಕೆ ಹಬೆ ಕಟ್ಟಿತು.

ಮೂರನೇ ವರ್ಷ ಅಲೆಯೋದನ್ನೇ ಬಿಟ್ಟೆ. ದಸರಾ ಕಳೆದು ಮಳೆ ಕಡಿಮೆಯಾದ ಮೇಲೆ, ಬೆಳಿಗ್ಗೆ ಒಂಬತ್ತಕ್ಕೆ ಗೊಬ್ಬರದ ಚೀಲ ಹಾಸಿ ದಡದಲ್ಲಿ ಕೂತೆ, ಎರಡು ಗಂಟೆ, ಒಂದೇ ಜಾಗ. ಕಪ್ಪೆಯನ್ನು ಹುಡುಕಬೇಡಿ, ಎರಡು ಇಂಚೂ ಇರದ ಕಂದು ಕಪ್ಪೆ ಒದ್ದೆ ಕಲ್ಲಿನ ಮೇಲೆ ಕಾಣುವುದೇ ಇಲ್ಲ, ಹಿಂಗಾಲು ಚಾಚಿ ಬೆರಳು ಬಿಡಿಸಿದಾಗ ತೆಳು ಪೊರೆ ಒಂದು ಕ್ಷಣ ಬೆಳ್ಳಗೆ ಮಿನುಗುತ್ತೆ, ಅದಕ್ಕೆ ಕಾಯಬೇಕು. ಒಮ್ಮೆ ಕಂಡರೆ ಪಕ್ಕದ ಕಲ್ಲಿನಲ್ಲಿ ಇನ್ನೊಂದು ಉತ್ತರ ಕೊಡುತ್ತೆ. ಆ ವರ್ಷ ಮೂರು ಕಂಡವು, ಈ ಸಲ 11. ಎಂಥ ಕಲ್ಲಿನ ಎದುರು ಕೂರಬೇಕು ಅನ್ನೋದನ್ನು ಸದ್ಯಕ್ಕೆ ಹೇಳುವುದಿಲ್ಲ. ಹೇಳಿದರೆ ನಾಳೆಯೇ ಹತ್ತು ಜನ ಅಲ್ಲಿ ನಿಂತಿರುತ್ತಾರೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನೀರಿಗೆ ಇಳಿಯಬೇಡಿ, ಕಲ್ಲು ಮಗುಚಬೇಡಿ. ಹೆಣ್ಣು ಹಿಂಗಾಲಿನಿಂದ ನೀರಿನಡಿಯ ಜಲ್ಲಿ ತೋಡಿ ಮೊಟ್ಟೆ ಇಟ್ಟು ಮುಚ್ಚುತ್ತೆ. ಗೊದಮೊಟ್ಟೆಗಳೂ ಆ ಮರಳಿನೊಳಗೇ ಹಾವುಮೀನಿನ ಹಾಗೆ ನುಸುಳಿಕೊಂಡು ಬದುಕುತ್ತವೆ, ವಿಜ್ಞಾನಿಗಳು ಇದೇ ಕುಟುಂಬದ ಕಪ್ಪೆಯಲ್ಲಿ ಅದನ್ನು ವಿವರಿಸಿದ್ದೇ 2016ರಲ್ಲಿ. ಒಂದು ಬೂಟು ಇಟ್ಟರೆ ಎಷ್ಟು ಹೋದವೋ ಗೊತ್ತಾಗಲ್ಲ. ಮೊದಲೆರಡು ವರ್ಷ ನಾನು ತುಳಿದಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಅಮೆರಿಕದಲ್ಲಿ ಹೆಲ್‌ಬೆಂಡರ್ ಅನ್ನೋ ದೊಡ್ಡ ಸಲಮಾಂಡರ್ ಇರುವ ಹೊಳೆಗಳಲ್ಲೂ ಬಂಡೆ ಎತ್ತಬೇಡಿ ಅಂತಲೇ ಹೇಳುತ್ತಾರೆ.

ಹಳ್ಳದ ಎರಡೂ ಬದಿ ಸುಮಾರು 30 ಅಡಿ ಔಷಧಿ ಹೊಡೆಯೋದು ನಿಲ್ಲಿಸಿ ಮೂರು ವರ್ಷ ಆಯಿತು. ಪಲ್ಪರ್ ನೀರಿಗೆ ಬೇರೆ ಗುಂಡಿ ತೆಗೆಸಿದೆ, ಜೆಸಿಬಿಗೆ 14 ಸಾವಿರ. 11 ಆಗಿದ್ದು ಅದರಿಂದಲೇ ಅಂತ ನನ್ನ ನಂಬಿಕೆ. ಮೇಲಿನ ತೋಟದವರೂ ಗುಂಡಿಗೆ ಒಪ್ಪಿದ್ದಾರೆ, ಕೊಯ್ಲು ಶುರುವಾಗುವ ಮೊದಲು ಜೆಸಿಬಿ ಅಲ್ಲಿಗೂ ಹೋಗುತ್ತೆ.