ಮುಂಗೈ ಮೇಲೆ ಹೈಡ್ರೋಜನ್ನಿನ ನಾಲ್ಕು ಗೆರೆ

ಟ್ಯಾಟೂ ಹಾಕಿಸಿಕೊಳ್ಳಬೇಕು ಅನ್ನೋದು ಖಚಿತವಾಗಿತ್ತು. ಯಾವುದು ಅಂತ ತೀರ್ಮಾನಿಸೋಕೆ ಎರಡು ವರ್ಷ ಹಿಡಿಯಿತು.

ಮೊದಲು ಮನಸ್ಸಿಗೆ ಬಂದದ್ದು ಡಿಎನ್‌ಎ. ಚಿತ್ರ ತುಂಬಾ ಚೆನ್ನಾಗಿತ್ತು, ಅಡ್ವಾನ್ಸ್ ಕೂಡ ಕೊಟ್ಟಿದ್ದೆ. ಸ್ಟಾಫ್ ರೂಮಿನಲ್ಲಿ ಬಯಾಲಜಿ ಮೇಡಂಗೆ ಪ್ರಿಂಟ್ ತೋರಿಸಿದೆ. ಅವರು ಬಲಗೈ ಹೆಬ್ಬೆರಳು ಮೇಲೆತ್ತಿ, ಬೆರಳು ಮಡಚಿ, ಎಳೆ ಸುತ್ತಿದ ಕಡೆಗೆ ಹಿಡಿದು ನೋಡಿದರು. "ಇದು ಎಡಕ್ಕೆ ಸುತ್ತಿದೆ ಕಣ್ರೀ" ಅಂದರು. ನಮ್ಮ ಮೈಯಲ್ಲಿರುವ ಡಿಎನ್‌ಎ ಸಾಮಾನ್ಯವಾಗಿ ಬಲಸುತ್ತು, ಮಾಮೂಲಿ ಸ್ಕ್ರೂ ಇದ್ದ ಹಾಗೆ. ಅವತ್ತೇ ಅದನ್ನು ಬಿಟ್ಟೆ. ಪರಮಾಣುವಿನ ಸುತ್ತ ಎಲೆಕ್ಟ್ರಾನ್ ಗಿರಕಿ ಹೊಡೆಯುವ ಚಿತ್ರವನ್ನೂ ಬಿಟ್ಟೆ. ಎಲೆಕ್ಟ್ರಾನ್ ಹಾಗೆ ಸುತ್ತುವುದಿಲ್ಲ ಅಂತ ಪಿಯು ಮಕ್ಕಳಿಗೆ ನಾನೇ ಪಾಠ ಹೇಳುತ್ತೇನೆ. ಕೈ ಮೇಲೆ ಅದನ್ನೇ ಹೇಗೆ ಹಾಕಿಸಿಕೊಳ್ಳಲಿ?

ಆಮೇಲೆ ಒಂದು ನಿರ್ಧಾರ ಮಾಡಿದೆ. ನಾನೇ ಕಣ್ಣಾರೆ ನೋಡಿ, ನಾನೇ ಅಳೆದದ್ದಾದರೆ ಮಾತ್ರ ಸರಿ.

ನಮ್ಮ ಲ್ಯಾಬಿನಲ್ಲಿ ಹೈಡ್ರೋಜನ್ ಡಿಸ್ಚಾರ್ಜ್ ಟ್ಯೂಬ್ ಇದೆ, ಅಂದರೆ ಹೈಡ್ರೋಜನ್ ಅನಿಲ ತುಂಬಿದ ಗಾಜಿನ ನಳಿಗೆ. ಕರೆಂಟ್ ಕೊಟ್ಟು ಹೊತ್ತಿಸಿದರೆ ತಿಳಿ ಗುಲಾಬಿ ಬೆಳಕು. ಗ್ರೇಟಿಂಗ್ (ಒತ್ತೊತ್ತಾಗಿ ಗೀರುಗಳಿರುವ ಫಲಕ) ಇಟ್ಟು, ಬೆಳಕು ಬಾಗುವ ಕೋನ ಅಳೆಯುವ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿದರೆ ಆ ಗುಲಾಬಿ ಒಡೆದು ಬಿಡಿಬಿಡಿ ಗೆರೆಗಳಾಗುತ್ತವೆ. ಮಿಲಿಮೀಟರಿಗೆ 600 ಗೀರಿನ ಗ್ರೇಟಿಂಗ್ ಆದರೆ ಕೆಂಪು ಗೆರೆ 23 ಡಿಗ್ರಿ ಹತ್ತಿರ, ಹಸಿರು ಬೆರೆತ ನೀಲಿ 17ರ ಹತ್ತಿರ, ನೇರಳೆ 15ರ ಹತ್ತಿರ. ನಾಲ್ಕನೆಯದು ತುಂಬಾ ಮಂಕು. ಒಂದು ಶನಿವಾರ ಮಧ್ಯಾಹ್ನ ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಹದಿನೈದು ನಿಮಿಷ ಕತ್ತಲಲ್ಲಿ ಕೂತು ಕಣ್ಣು ಹೊಂದಿಸಿಕೊಂಡೆ. ಸ್ಪೆಕ್ಟ್ರೋಮೀಟರಿನ ಟೆಲಿಸ್ಕೋಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. 14 ಡಿಗ್ರಿ ದಾಟುತ್ತಿದ್ದಂತೆ ಒಂದು ನೇರಳೆ ಎಳೆ ಬಂತು. ದಿಟ್ಟಿಸಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಹಾಜರ್. ನನ್ನ ಟ್ಯಾಟೂ ಅಲ್ಲೇ ಸಿಕ್ಕಿತು.

ಈ ನಾಲ್ಕು ಗೆರೆಗಳ ಲೆಕ್ಕ ಹಿಡಿದವರು ಯೋಹಾನ್ ಬಾಲ್ಮರ್. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಒಂದೇ ಸಂಖ್ಯೆಯನ್ನು 9/5, 4/3, 25/21, 9/8ರಿಂದ ಗುಣಿಸಿದರೆ ನಾಲ್ಕೂ ಗೆರೆಗಳ ತರಂಗಾಂತರ (ಬೆಳಕಿನ ಅಲೆಯ ಉದ್ದ) ಬರುತ್ತವೆ ಅಂತ 1885ರಲ್ಲಿ ತೋರಿಸಿದರು. ಆಗ ಅವರಿಗೆ 60 ವರ್ಷ. ಯಾಕೆ ಹಾಗೆ ಅಂತ ಭೌತವಿಜ್ಞಾನಿ ನೀಲ್ಸ್ ಬೋರ್ ವಿವರಿಸಿದ್ದು 1913ರಲ್ಲಿ. ಹೆಣ್ಣುಮಕ್ಕಳ ಕಾಲೇಜಿನಲ್ಲೇ ಪಾಠ ಮಾಡುವ ನನಗೆ ಈ ಮೇಷ್ಟ್ರು ಬಹಳ ಹತ್ತಿರದವರು ಅನ್ನಿಸುತ್ತಾರೆ.

ಅಳತೆ ಹಾಕುವಾಗ ಅಜ್ಜಿಯ ಕೈ ನೆನಪಾಯಿತು. ಊರಿಗೆ ಹೋದಾಗ ಅವರ ಮುಂಗೈ ಹಿಡಿದು ನೋಡಿದೆ. ಹದಿಮೂರನೇ ವಯಸ್ಸಿನಲ್ಲಿ ಕೊರವಂಜಿ ಹಾಕಿದ ಹಚ್ಚೆ. ಚುಕ್ಕಿ ರಂಗೋಲಿಯಂತೆ. ಈಗ ಅಕ್ಕಪಕ್ಕದ ಚುಕ್ಕಿಗಳು ಹರಡಿ ಒಂದಕ್ಕೊಂದು ಕೂಡಿಕೊಂಡಿವೆ. ಕಪ್ಪು ಮಸಿಯೇ ಆದರೂ ಚರ್ಮದೊಳಗಿಂದ ನೀಲಿ ಹಸಿರಾಗಿ ಕಾಣುತ್ತದೆ, ಬೆಳಕು ಚದುರುವುದರಿಂದ. "ಹಾಕಿಸ್ಕೊ ಮಗಾ, ಸತ್ತಾಗ ಜೊತೆಗೆ ಬರೋದು ಇದೊಂದೇ" ಅಂದರು ಅಜ್ಜಿ.

ಹಾಗಾಗಿ ಗೆರೆಗಳ ನಡುವೆ ಜಾಸ್ತಿ ಜಾಗ ಬೇಕು ಅಂತ ಗೊತ್ತಾಯಿತು. ತರಂಗಾಂತರದ 4 ನ್ಯಾನೋಮೀಟರಿಗೆ ಕೈ ಮೇಲೆ 1 ಮಿಲಿಮೀಟರ್ ಇಟ್ಟುಕೊಂಡೆ. 410.2ರಿಂದ 434.0ಕ್ಕೆ ಸುಮಾರು 6 ಮಿಲಿಮೀಟರ್, ಅಲ್ಲಿಂದ 486.1ಕ್ಕೆ 13, ಅಲ್ಲಿಂದ 656.3ಕ್ಕೆ 42.5. ಒಟ್ಟು ಆರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಮುಂಗೈ ಒಳಭಾಗಕ್ಕೆ ಸರಿಯಾಗಿ ಕೂತಿತು. ಇದರ ಅರ್ಧ ಅಳತೆ ತೆಗೆದುಕೊಂಡಿದ್ದರೆ ಮೊದಲೆರಡು ಗೆರೆ ಮುಂದೆ ಒಂದಾಗಿಬಿಡುತ್ತಿದ್ದವೇನೋ.

ಬಣ್ಣದಲ್ಲೇ ಹಾಕಿಸುವ ಆಸೆ ಇತ್ತು. ಆರ್ಟಿಸ್ಟ್ ಹುಡುಗ ತಾನು ಹಿಂದೆ ಮಾಡಿದ ಕೆಲಸಗಳ ಫೋಟೋ ತೋರಿಸಿದ. ನನ್ನಂಥ ಕಂದು ಚರ್ಮದ ಮೇಲೆ ನೀಲಿಗೂ ನೇರಳೆಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಕಪ್ಪೇ ಸರಿ ಅಂದುಕೊಂಡೆ. ಗೆರೆಗಳ ಜಾಗವೇ ಎಲ್ಲ ಹೇಳುತ್ತದಲ್ವಾ?

ಸ್ಟೆನ್ಸಿಲ್ ಅಂಟಿಸಿದ ಮೇಲೆ ಪರ್ಸಿನಿಂದ ಸ್ಕೇಲ್ ತೆಗೆದು ಅಳೆದೆ. ಕೊನೆಯ ಅಂತರ 36 ಮಿಲಿಮೀಟರ್! "ಮೇಡಂ, ಗ್ಯಾಪ್ ಜಾಸ್ತಿ ಅನಿಸ್ತು, ನೋಡೋಕೆ ಚೆನ್ನಾಗಿರ್ಲಿ ಅಂತ ಸ್ವಲ್ಪ ಹತ್ತಿರ ತಂದೆ" ಅಂದ. ಅವನಿಗೆ ಹೈಡ್ರೋಜನ್ ಕಥೆ ಪೂರ್ತಿ ಹೇಳಿದೆ. ಬೇಸರಿಸದೆ ಅಳಿಸಿ ಹೊಸ ಸ್ಟೆನ್ಸಿಲ್ ತೆಗೆದ. ಈ ಸಲ ಕೈಯನ್ನು ಟೇಬಲ್ ಮೇಲೆ ಚಾಚಿಸದೆ, ನಿಂತುಕೊಂಡು ಸಹಜವಾಗಿ ಇಳಿಬಿಡಿಸಿ ಅಂಟಿಸಿದ. ಮುಂಗೈ ತಿರುಗಿದರೆ ಚರ್ಮವೂ ತಿರುಗಿ ಗೆರೆ ಓರೆಯಾಗುತ್ತದೆ. ಅದು ನನಗೆ ಹೊಳೆದೇ ಇರಲಿಲ್ಲ.

ಚುಚ್ಚಿದ್ದು ನಲವತ್ತು ನಿಮಿಷ. ಮಣಿಕಟ್ಟಿನ ಹತ್ತಿರ ಉರಿ ಜಾಸ್ತಿ.

ಮೂರು ವಾರಕ್ಕೆ ಹೊಪ್ಪಳೆಯೆಲ್ಲ ಉದುರಿತು. ಈ ಸಲ ಲ್ಯಾಬ್ ಶುರುವಾದಾಗ ಒಬ್ಬ ಹುಡುಗಿ ಟೆಲಿಸ್ಕೋಪಿನಿಂದ ತಲೆ ಎತ್ತಿ, "ಮ್ಯಾಮ್, ನನಗೆ ಮೂರೇ ಕಾಣ್ತಿರೋದು" ಅಂದಳು. ತೋಳು ಮಡಚಿ ಕೈ ತೋರಿಸಿದೆ. ಮಣಿಕಟ್ಟಿನ ಹತ್ತಿರದ ನಾಲ್ಕನೆಯ ಗೆರೆಯ ಮೇಲೆ ಬೆರಳಿಟ್ಟು ನೋಡಿ, ಲೈಟ್ ಆರಿಸಿ ಮತ್ತೆ ಕೂತಳು.