ಜರ್ಮನಿಯ ಕ್ರೀಡಾಸಂಘ: ಸೇರುವ ಮುನ್ನ ಬಿಡುವ ದಾರಿ ತಿಳಿದುಕೊಳ್ಳಿ

ಜನವರಿ ಬಂತೆಂದರೆ ಜರ್ಮನಿಯ ಕನ್ನಡಿಗರ ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದೇ ಬಗೆಯ ಪ್ರಶ್ನೆ ಏಳುತ್ತದೆ. ಮಗ ಜೂಡೋ ಬಿಟ್ಟು ನಾಲ್ಕು ತಿಂಗಳಾಯಿತು, ಆದರೂ ಕ್ಲಬ್‌ನವರು ಇಡೀ ವರ್ಷದ ಹಣ ಖಾತೆಯಿಂದ ಎಳೆದಿದ್ದಾರೆ, ಬ್ಯಾಂಕಿಗೆ ಹೇಳಿ ವಾಪಸ್ ತರಿಸಲೇ? ದಯವಿಟ್ಟು ಬೇಡ. ಹೀಗೆ ಹಣ ಕಳೆದುಕೊಂಡ ಮನೆಗಳಲ್ಲಿ ನಮ್ಮದೂ ಒಂದು. ಈಗ ಹೊಸದಾಗಿ ಬಂದವರೂ ಅದೇ ಹಳ್ಳಕ್ಕೆ ಬೀಳುವುದನ್ನು ನೋಡುತ್ತಾ ಸುಮ್ಮನಿರಲು ಆಗುತ್ತಿಲ್ಲ.

ಮೊದಲು ಈ ವ್ಯವಸ್ಥೆ ಯಾರ ಹಣದ ಮೇಲೆ ನಿಂತಿದೆ ಎಂದು ತಿಳಿಯಬೇಕು. ಇಲ್ಲಿ ಜನಸಾಮಾನ್ಯರ ಆಟವನ್ನು ನಡೆಸುವುದು ಸರ್ಕಾರವೂ ಅಲ್ಲ, ಖಾಸಗಿ ಅಕಾಡೆಮಿಯೂ ಅಲ್ಲ, ಫೆರೈನ್ ಎಂಬ ನೋಂದಾಯಿತ ಸಂಘಗಳು. ದೇಶದಲ್ಲಿ ಸುಮಾರು 86,000 ಕ್ರೀಡಾಸಂಘಗಳಿವೆ, ಸದಸ್ಯತ್ವಗಳ ಲೆಕ್ಕ 2.8 ಕೋಟಿ ದಾಟಿದೆ. ಇವುಗಳ ಮೇಲೆ 16 ರಾಜ್ಯಗಳ ಲಾಂಡೆಸ್‌ಸ್ಪೋರ್ಟ್‌ಬುಂಡ್‌ಗಳು ಎಂಬ ಒಕ್ಕೂಟಗಳು, ಅವೆಲ್ಲದರ ಮೇಲೆ 2006ರಲ್ಲಿ ಎರಡು ಸಂಸ್ಥೆಗಳು ಒಂದಾಗಿ ಹುಟ್ಟಿದ ಡಿಓಎಸ್‌ಬಿ ಎಂಬ ರಾಷ್ಟ್ರೀಯ ಕ್ರೀಡಾ ಒಕ್ಕೂಟ. ಕ್ರೀಡಾಂಗಣ ಮತ್ತು ಶಾಲೆಯ ಹಾಲ್ ನಗರಸಭೆಯದು, ಸಂಜೆ ಹೊತ್ತು ಅವು ಸಂಘಗಳಿಗೆ ಪುಕ್ಕಟೆಯಾಗಿಯೋ ಅಲ್ಪ ಬಾಡಿಗೆಗೋ ಸಿಗುತ್ತವೆ. ಹಲವು ರಾಜ್ಯಗಳಲ್ಲಿ ಲಾಟರಿ ಆದಾಯದ ಒಂದು ಪಾಲು ಕ್ರೀಡೆಗೆ ಹೋಗುತ್ತದೆ. ತರಬೇತುದಾರರಲ್ಲಿ ಹೆಚ್ಚಿನವರು ಹಗಲು ಬೇರೆ ನೌಕರಿ ಮಾಡಿ ಸಂಜೆ ಬಂದು ಕಲಿಸುವವರು. ಅವರಿಗೆ ಸಿಗುವ ಸಣ್ಣ ಸಂಭಾವನೆಗೆ ವರ್ಷಕ್ಕೆ 3,300 ಯೂರೊ ವರೆಗೆ ತೆರಿಗೆ ಇಲ್ಲ (2026ಕ್ಕೆ ಮುಂಚೆ ಈ ಮಿತಿ 3,000 ಇತ್ತು). ಎಷ್ಟೋ ಸಂಘಗಳಲ್ಲಿ ಮಗುವಿನ ಶುಲ್ಕ ತಿಂಗಳಿಗೆ ಹತ್ತು ಯೂರೊ ಕೂಡ ದಾಟದಿರುವುದರ ಹಿಂದೆ ಇಷ್ಟು ಜನರ ಕೈ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಮಕ್ಕಳ ಆಟದ ಮಟ್ಟಿಗೆ ಇದು ನಮ್ಮ ಬೆಂಗಳೂರಿನ ಕೋಚಿಂಗ್ ಪದ್ಧತಿಗಿಂತ ಎಷ್ಟೋ ಮೇಲು. ಅಲ್ಲಿ ಕೋಚ್ ಬಿಟ್ಟು ಹೋದರೆ ತರಗತಿಯೇ ಮುಚ್ಚುತ್ತದೆ, ಶಾಲೆಯ ಮೈದಾನಕ್ಕೆ ಸಂಜೆ ಬೀಗ ಬೀಳುತ್ತದೆ. ಇಲ್ಲಿ ಕೋಚ್ ಹೋದರೂ ಸಂಘದೊಳಗಿನ ಆ ಆಟದ ವಿಭಾಗ ಉಳಿಯುತ್ತದೆ. ಎಂಟು ವರ್ಷದ ಮಗುವಿಗೂ ಎಂಬತ್ತರ ಅಜ್ಜಿಗೂ ಅದೇ ಸಂಘದಲ್ಲಿ ಜಾಗವಿದೆ. ಆದರೆ ಹೀಗೆ ಕಟ್ಟಿದ ಕಾರಣಕ್ಕೇ ಇದರೊಳಗೆ ನೀವು ಗ್ರಾಹಕರಲ್ಲ, ಸದಸ್ಯರು. ಹಣ ಹೋಗುವುದು ಈ ವ್ಯತ್ಯಾಸ ತಿಳಿಯದವರದು.

2022ರ ಮಾರ್ಚ್ 1ರಿಂದ ಜರ್ಮನಿಯಲ್ಲಿ ಗ್ರಾಹಕರ ಪರವಾದ ಕಾನೂನು ಬಂದಿದೆ. ಆ ದಿನದ ನಂತರ ಜಿಮ್‌ನಂಥ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದ ಮೊದಲ ಅವಧಿ ಮುಗಿದ ಮೇಲೆ ತಾನಾಗಿ ಇನ್ನೊಂದು ವರ್ಷಕ್ಕೆ ಎಳೆದುಕೊಳ್ಳುವಂತಿಲ್ಲ, ಒಂದು ತಿಂಗಳ ಸೂಚನೆ ಕೊಟ್ಟು ಬಿಡಬಹುದು. ನಮ್ಮವರು ಇದನ್ನು ಓದಿ ಕ್ರೀಡಾಸಂಘಕ್ಕೂ ಅನ್ವಯಿಸುತ್ತಾರೆ. ಅನ್ವಯಿಸುವುದಿಲ್ಲ. ಸಂಘದ ಸದಸ್ಯತ್ವಕ್ಕೆ ಬೇರೆಯೇ ನಿಯಮವಿದೆ, ಜರ್ಮನ್ ನಾಗರಿಕ ಸಂಹಿತೆ ಬಿಜಿಬಿಯ 39ನೇ ಕಲಮು. ಅದರ ಪ್ರಕಾರ ಸದಸ್ಯ ಯಾವಾಗಲೂ ಸಂಘ ಬಿಡಬಹುದು, ಆದರೆ ವರ್ಷಾಂತ್ಯಕ್ಕೆ ಮಾತ್ರ ಎಂದೋ ಇಂತಿಷ್ಟು ತಿಂಗಳ ಮುನ್ಸೂಚನೆ ಬೇಕು ಎಂದೋ ಸಂಘ ತನ್ನ ನಿಯಮಾವಳಿಯಲ್ಲಿ ಬರೆದುಕೊಳ್ಳಬಹುದು. ಆ ಮುನ್ಸೂಚನೆ ಎರಡು ವರ್ಷದವರೆಗೂ ಇರಬಹುದು ಎನ್ನುತ್ತದೆ ಕಾನೂನು! ಅಷ್ಟು ದೂರ ಯಾರೂ ಹೋಗುವುದಿಲ್ಲ, ಆದರೆ "ಡಿಸೆಂಬರ್ 31ಕ್ಕೆ ಬಿಡಬೇಕಾದರೆ ಸೆಪ್ಟೆಂಬರ್ 30ರೊಳಗೆ ಲಿಖಿತ ಪತ್ರ ತಲುಪಬೇಕು" ಎಂಬ ಸಾಲು ತೀರಾ ಸಾಮಾನ್ಯ. ಅಕ್ಟೋಬರ್ 2ಕ್ಕೆ ಪತ್ರ ತಲುಪಿತೋ, ಮುಂದಿನ ವರ್ಷದ ಡಿಸೆಂಬರ್ ವರೆಗೆ ಶುಲ್ಕ ಕಟ್ಟಬೇಕು. ಸುಮಾರು ಹದಿನೈದು ತಿಂಗಳು. ಇಬ್ಬರು ಮಕ್ಕಳು, ಎರಡು ಸಂಘ ಎಂದಾದರೆ ಲೆಕ್ಕ ನೀವೇ ಹಾಕಿ.

ಈ ನಿಯಮಾವಳಿಯ ಹೆಸರು ಸಾಟ್ಸುಂಗ್. ಸೇರುವ ಅರ್ಜಿಯ ಕೊನೆಯಲ್ಲಿ "ಸಾಟ್ಸುಂಗ್ ಒಪ್ಪಿದ್ದೇನೆ" ಎಂಬ ಸಾಲಿನ ಕೆಳಗೇ ನೀವು ಸಹಿ ಹಾಕುವುದು. ಅದು ಸಂಘದ ಜಾಲತಾಣದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಇಡೀ ಕಡತ ಓದಲು ಪುರುಸೊತ್ತಿಲ್ಲದಿದ್ದರೆ ಸದಸ್ಯತ್ವದ ಅಂತ್ಯ ಮತ್ತು ಶುಲ್ಕ ಎಂಬ ಎರಡು ಕಲಮುಗಳನ್ನಾದರೂ ಅನುವಾದಿಸಿ ಓದಿ. ಕೊನೆಯ ದಿನವನ್ನು ಸಹಿ ಹಾಕಿದ ಹೊತ್ತಿನಲ್ಲೇ ಫೋನಿನ ಕ್ಯಾಲೆಂಡರಿಗೆ ಹಾಕಿ, ನಾಲ್ಕು ವಾರ ಮುಂಚೆ ನೆನಪಿಸುವಂತೆ.

ಕ್ಯುಂಡಿಗುಂಗ್, ಅಂದರೆ ಬಿಡುವ ಪತ್ರದ ವಿಷಯದಲ್ಲಿ ನಮ್ಮವರು ಸಾಲಾಗಿ ಎಡವುತ್ತಾರೆ. ಕೋಚ್‌ಗೆ ವಾಟ್ಸ್‌ಆಪ್‌ನಲ್ಲಿ ಹೇಳಿದರೆ ಬಿಟ್ಟಂತಾಗುವುದಿಲ್ಲ. ಆತ ಒಳ್ಳೆಯ ಮನುಷ್ಯ, "ಸರಿ, ಒಳ್ಳೆಯದಾಗಲಿ" ಎಂದು ಉತ್ತರಿಸಿರುತ್ತಾನೆ, ಆದರೆ ಸದಸ್ಯತ್ವ ರದ್ದು ಮಾಡುವ ಅಧಿಕಾರ ಆತನಿಗಿಲ್ಲ. ಪತ್ರ ಸಂಘದ ಕಚೇರಿಗೆ ಹೋಗಬೇಕು. ಇಮೇಲ್ ಸಾಕೇ ಎಂಬುದಕ್ಕೂ ಸಾಟ್ಸುಂಗ್ ನೋಡಿ, ಅನುಮಾನವಿದ್ದರೆ ರಿಜಿಸ್ಟರ್ಡ್ ಅಂಚೆಯೇ ಗತಿ. ಲೆಕ್ಕಕ್ಕೆ ಬರುವುದು ಅಂಚೆ ಮುದ್ರೆಯ ದಿನವಲ್ಲ, ತಲುಪಿದ ದಿನ. ಕುಟುಂಬ ಸದಸ್ಯತ್ವವಾದರೆ ಪ್ರತಿಯೊಬ್ಬರ ಹೆಸರು, ಹುಟ್ಟಿದ ದಿನ, ಸದಸ್ಯ ಸಂಖ್ಯೆ ಬರೆಯಿರಿ. ಬ್ಯಾಡ್ಮಿಂಟನ್ ವಿಭಾಗ ಬಿಡುವುದು ಬೇರೆ, ಸಂಘ ಬಿಡುವುದು ಬೇರೆ. ವಿಭಾಗದ ಹೆಚ್ಚುವರಿ ಶುಲ್ಕ ನಿಂತರೂ ಮೂಲ ಶುಲ್ಕ ಓಡುತ್ತಲೇ ಇರುತ್ತದೆ. ಪತ್ರ ಸಿಕ್ಕಿದೆ ಎಂಬ ಲಿಖಿತ ಉತ್ತರ ಬರುವವರೆಗೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ.

ಇನ್ನು ಬ್ಯಾಂಕಿನ ಮಾತು. ಸೇಪಾ, ಅಂದರೆ ನಿಮ್ಮ ಅನುಮತಿಯ ಮೇರೆಗೆ ಖಾತೆಯಿಂದ ನೇರವಾಗಿ ಹಣ ಎಳೆಯುವ ವ್ಯವಸ್ಥೆಯ ಮೂಲಕ ಎಳೆದ ಹಣವನ್ನು ಎಂಟು ವಾರದೊಳಗೆ ಕಾರಣ ಹೇಳದೆ ವಾಪಸ್ ತರಿಸಿಕೊಳ್ಳಬಹುದು, ನಿಜ. ಆದರೆ ಸಾಲ ತೀರುವುದಿಲ್ಲ. ಸಂಘಕ್ಕೆ ಬಿದ್ದ ಬ್ಯಾಂಕ್ ದಂಡ ನಿಮ್ಮ ಮೇಲೆ ಬರುತ್ತದೆ, ಆಮೇಲೆ ನೆನಪೋಲೆ, ಅದಕ್ಕೂ ಸುಮ್ಮನಿದ್ದರೆ ವಸೂಲಿ ಕಂಪನಿ. ಶೂಫಾ ಎಂಬ ಸಂಸ್ಥೆ ಇಡುವ ನಿಮ್ಮ ಸಾಲ-ಪಾವತಿಯ ದಾಖಲೆ ಕೆಟ್ಟರೆ ಮುಂದೆ ಮನೆ ಬಾಡಿಗೆಗೆ ಸಿಗುವುದೂ ಕಷ್ಟ. ಎಂಬತ್ತು ಯೂರೊ ಉಳಿಸಲು ಹೋಗಿ ಈ ದಾರಿ ಹಿಡಿಯಬೇಡಿ. ಊರು ಬದಲಾಯಿಸುತ್ತಿದ್ದೀರಾ? ಅಷ್ಟಕ್ಕೇ ಬಿಡುಗಡೆ ಸಿಗುವುದಿಲ್ಲ. ಆದರೆ ವಿಳಾಸ ಬದಲಾವಣೆಯ ಪ್ರತಿ ಲಗತ್ತಿಸಿ ಸಭ್ಯವಾಗಿ ಕೇಳಿದರೆ ಆಡಳಿತ ಮಂಡಳಿ ಒಪ್ಪಿದ್ದನ್ನು ನಾನು ನೋಡಿದ್ದೇನೆ. ಅಲ್ಲಿ ಕೂತಿರುವವರೂ ಸಂಬಳವಿಲ್ಲದೆ ದುಡಿಯುವ ನೆರೆಹೊರೆಯವರು. ಜಗಳಕ್ಕೆ ಹೋದವರಿಗಿಂತ ಕೇಳಿಕೊಂಡವರಿಗೆ ಬೇಗ ದಾರಿ ತೆರೆದಿದೆ.

ಟೆನಿಸ್ ಸಂಘ ಸೇರುವವರು ಇನ್ನೊಂದನ್ನು ಕೇಳಿಕೊಳ್ಳಿ: ವರ್ಷಕ್ಕೆ ಎಷ್ಟು ಗಂಟೆ ಶ್ರಮದಾನ? ಅಂಕಣ ಸರಿಪಡಿಸುವುದು, ಎಲೆ ಗುಡಿಸುವುದು ಇತ್ಯಾದಿ. ಮಾಡದಿದ್ದರೆ ಗಂಟೆಗೆ ಇಷ್ಟು ಎಂದು ಬಿಲ್ ಬರುತ್ತದೆ. ಹಣ ಕೊಟ್ಟು ತಪ್ಪಿಸಿಕೊಳ್ಳುವ ಬದಲು ಒಂದು ಶನಿವಾರ ಹೋಗಿ. ಪೊರಕೆ ಹಿಡಿದವರ ಜೊತೆ ಜರ್ಮನರು ಮಾತಾಡುತ್ತಾರೆ, ಭಾಷೆಯೂ ಸುಧಾರಿಸುತ್ತದೆ.

ಆರೋಗ್ಯ ವಿಮೆಯೂ ಈ ವ್ಯವಸ್ಥೆಯ ಪಾಲುದಾರ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಬೆನ್ನುನೋವು, ಮಂಡಿನೋವು ಇರುವವರು ವೈದ್ಯರ ಬಳಿ ರೇಹಾಸ್ಪೋರ್ಟ್, ಅಂದರೆ ಚೇತರಿಕೆಗಾಗಿ ಗುಂಪಿನಲ್ಲಿ ಮಾಡುವ ವ್ಯಾಯಾಮದ ಬಗ್ಗೆ ಕೇಳಿ. 56ನೇ ನಮೂನೆಯಲ್ಲಿ ಬರೆದುಕೊಟ್ಟರೆ ಸಾಮಾನ್ಯವಾಗಿ 18 ತಿಂಗಳೊಳಗೆ 50 ತರಗತಿಗಳು, ಖರ್ಚು ಸಾರ್ವಜನಿಕ ವಿಮೆಯದು. ಇದಕ್ಕಾಗಿ ಸಂಘದ ಸದಸ್ಯರಾಗಲೇಬೇಕು ಎಂದು ಯಾರಾದರೂ ಅರ್ಜಿ ಮುಂದಿಟ್ಟರೆ ಸಹಿ ಹಾಕಬೇಡಿ, ಅದು ಐಚ್ಛಿಕ. ಖಾಸಗಿ ವಿಮೆಯವರು ಮೊದಲು ತಮ್ಮ ಒಪ್ಪಂದ ನೋಡಿಕೊಳ್ಳಬೇಕು. ಯೋಗ, ಬೆನ್ನಿನ ವ್ಯಾಯಾಮದಂಥ ಮುನ್ನೆಚ್ಚರಿಕೆ ಕೋರ್ಸ್‌ಗಳು ಬೇರೆ: ಮೊದಲು ನೀವು ಹಣ ಕಟ್ಟಿ, ಹಾಜರಾತಿ ಪತ್ರ ಕಳಿಸಿದ ಮೇಲೆ ವಿಮೆ ಒಂದು ಪಾಲು ಹಿಂದಿರುಗಿಸುತ್ತದೆ. ಹಾಜರಾತಿ ಶೇ 80 ಇರಬೇಕು, ಕೋರ್ಸ್ ಮಾನ್ಯತೆ ಪಡೆದಿರಬೇಕು. ದಸರಾ ರಜೆಗೆ ಊರಿಗೆ ಹೋಗುವ ಯೋಚನೆ ಇದ್ದರೆ ಆ ಸಮಯದ ಕೋರ್ಸ್ ಬೇಡ.

ಕಿಂಡರ್‌ಟ್ಸುಶ್ಲಾಗ್ (ಕಡಿಮೆ ಆದಾಯದವರಿಗೆ ಮಕ್ಕಳ ಹೆಚ್ಚುವರಿ ಭತ್ಯೆ) ಅಥವಾ ವೋನ್‌ಗೆಲ್ಡ್ (ಮನೆ ಖರ್ಚಿಗೆ ನೆರವು) ಪಡೆಯುವ ಕುಟುಂಬಗಳ ಮಕ್ಕಳಿಗೆ ಸಂಘದ ಶುಲ್ಕಕ್ಕೆಂದು ತಿಂಗಳಿಗೆ 15 ಯೂರೊ ನೆರವಿದೆ, ಅರ್ಜಿ ಹಾಕಬೇಕಷ್ಟೆ. ಹೊಸಬರನ್ನು ಒಳಗೊಳ್ಳಲೆಂದೇ 1989ರಿಂದ ಕೇಂದ್ರ ಸರ್ಕಾರದ ಹಣದಲ್ಲಿ ಒಂದು ಕಾರ್ಯಕ್ರಮ ನಡೆಯುತ್ತಿದೆ. ಅದರಡಿ ಬರುವ ಸಂಘಗಳ ಪಟ್ಟಿ ನಿಮ್ಮ ರಾಜ್ಯದ ಲಾಂಡೆಸ್‌ಸ್ಪೋರ್ಟ್‌ಬುಂಡ್‌ನಲ್ಲಿ ಸಿಗುತ್ತದೆ, ಭಾಷೆ ಬಾರದವರು ಅಲ್ಲಿಂದ ಶುರುಮಾಡುವುದು ಸುಲಭ.

ಈಜಿನ ಬಗ್ಗೆ ಒಂದು ಎಚ್ಚರಿಕೆ. ಕೋರ್ಸ್‌ಗಳಿಗೆ ಕಾಯುವ ಪಟ್ಟಿ ಉದ್ದ, ಮಗುವಿಗೆ ನಾಲ್ಕು ತುಂಬುತ್ತಲೇ ಹೆಸರು ಬರೆಸಿ. ಸೇಪ್ಫೆರ್ಡ್‌ಶೆನ್ ಎಂಬ ಮೊದಲ ಬ್ಯಾಜ್ ಸಿಕ್ಕಿತೆಂದು ಮಗುವನ್ನು ಕೆರೆಗೆ ಬಿಡಬೇಡಿ. ಕಂಚಿನ ಬ್ಯಾಜ್ ಬಂದ ಮೇಲೆಯೇ ಮಗುವಿಗೆ ಈಜು ಬರುತ್ತದೆ ಎನ್ನುತ್ತದೆ ಇಲ್ಲಿನ ಜೀವರಕ್ಷಕರ ಸಂಸ್ಥೆ ಡಿಎಲ್‌ಆರ್‌ಜಿ.

ಕೊನೆಗೆ, ಕ್ರಿಕೆಟ್. ನಾಲ್ಕು ಜನ ಸೇರಿದರೆ ಸಾಕು, ನಮ್ಮದೇ ಕ್ಲಬ್ ಮಾಡೋಣ ಎಂಬ ಮಾತು ಬರುತ್ತದೆ. ಏಳು ಜನ ಬೇಕು, ನೋಟರಿ ಬೇಕು, ನ್ಯಾಯಾಲಯದ ನೋಂದಣಿ ಬೇಕು, ಸಾರ್ವಜನಿಕ ಹಿತದ ಸಂಘ ಎಂದು ತೆರಿಗೆ ಕಚೇರಿ ಒಪ್ಪಬೇಕು. ಇಷ್ಟೆಲ್ಲ ಆದ ಮೇಲೂ ಮೈದಾನದ ಸಮಯ ಸಿಗುವುದಿಲ್ಲ, ಏಕೆಂದರೆ ಒಳ್ಳೆಯ ಗಂಟೆಗಳೆಲ್ಲ ದಶಕಗಳಿಂದ ಹಳೆಯ ಸಂಘಗಳ ಕೈಯಲ್ಲಿವೆ. ಉತ್ಸಾಹದಿಂದ ಶುರುವಾದ ಗುಂಪುಗಳು ಕಾಗದಪತ್ರದಲ್ಲೇ ಸುಸ್ತಾಗಿ ಕರಗಿದ್ದನ್ನು ಕಂಡು ನನಗೆ ನಿಜಕ್ಕೂ ನೋವಾಗಿದೆ. ಬದಲಿಗೆ ಊರಿನ ದೊಡ್ಡ ಸಂಘಕ್ಕೆ ಹೋಗಿ, ನಿಮ್ಮಲ್ಲಿ ಕ್ರಿಕೆಟ್ ವಿಭಾಗ ತೆರೆಯಬಹುದೇ ಎಂದು ಕೇಳಿ. ಅವರಿಗೆ ಹೊಸ ಸದಸ್ಯರು ಬೇಕು, ನಿಮಗೆ ಹಾಲ್, ವಿಮೆ, ಖಜಾಂಚಿ, ನಗರಸಭೆಯಲ್ಲಿ ಪರಿಚಯ ಎಲ್ಲವೂ ಸಿದ್ಧವಾಗಿ ಸಿಗುತ್ತವೆ. ಹೋಗುವಾಗ ಹದಿನೈದು ಹೆಸರಿನ ಪಟ್ಟಿ, ತರಬೇತಿ ಪಡೆಯಲು ಸಿದ್ಧವಿರುವ ಇಬ್ಬರು ಮತ್ತು ಜರ್ಮನ್ ಮಾತಾಡಬಲ್ಲ ಒಬ್ಬರು ಜೊತೆಗಿರಲಿ. ಹಾಲ್ ಹಂಚಿಕೆಯ ಅರ್ಜಿಗಳು ಚಳಿಗಾಲದ ಋತುವಿಗೆ ಬಹಳ ಮುಂಚೆಯೇ ಹೋಗುತ್ತವೆ, ಆದ್ದರಿಂದ ಈ ಮಾತುಕತೆ ವಸಂತದಲ್ಲೇ ನಡೆಯಬೇಕು.