ಹನಿ ಕೇಕಿನ ಕವರು ನಮ್ಮನೆ ಕಸದಲ್ಲಿ ಇರಲಿಲ್ಲ

ಸುಮಾರು ಎರಡು ವರ್ಷ ನಾನು ಸಂಜೆ ಆಫೀಸಿನಿಂದ ನೇರವಾಗಿ ಮನೆಗೆ ಹೋಗಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನಿಂದ ತ್ಯಾಗರಾಜನಗರಕ್ಕೆ ಸ್ಕೂಟರಿನಲ್ಲಿ ಹದಿನೈದು ನಿಮಿಷದ ದಾರಿ. ಮಧ್ಯೆ ಒಂದು ಅಯ್ಯಂಗಾರ್ ಬೇಕರಿ. ಅಲ್ಲಿ ಎರಡು ಹನಿ ಕೇಕ್, ಕೆಲವು ದಿನ ಜೊತೆಗೊಂದು ದಿಲ್‌ಪಸಂದ್ ಕಟ್ಟಿಸಿಕೊಳ್ಳುತ್ತಿದ್ದೆ. ಪಕ್ಕದ ರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಹೆಲ್ಮೆಟ್ ಕನ್ನಡಿಗೆ ಸಿಕ್ಕಿಸಿ, ಬೇಗ ಬೇಗ ತಿಂದು, ಬಾಯಿ ಒರೆಸಿಕೊಂಡು ಹೊರಡುತ್ತಿದ್ದೆ. ಖಾಲಿ ಕವರು ಮನೆಗೆ ತರುತ್ತಿರಲಿಲ್ಲ. ನಮ್ಮನೆಯಲ್ಲಿ ಒಣ ಕಸ ಬೇರೆ ಮಾಡುವುದು ಮಗಳ ಕೆಲಸ. ಅವಳ ಕಣ್ಣಿಗೆ ಬೀಳಬಾರದು ಅಂತ ದಾರಿಯಲ್ಲೇ ಎಲ್ಲಾದರೂ ಹಾಕಿ ಬರುತ್ತಿದ್ದೆ. ಮನೆಗೆ ಬಂದು ಕೈಕಾಲು ತೊಳೆದು, ಏನೂ ಆಗಿಲ್ಲ ಅನ್ನುವ ಹಾಗೆ ಎಲ್ಲರ ಜೊತೆ ಊಟಕ್ಕೆ ಕೂರುತ್ತಿದ್ದೆ.

ನನಗೆ 44 ವರ್ಷ. ಒಂದು ಚಿಕ್ಕ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಸಿಹಿಯ ಆಸೆ ಕಡಿಮೆ ಮಾಡಿಕೊಂಡಿದ್ದು ಹೇಗೆ ಅಂತ ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಒಂದಷ್ಟು ವಿಷಯ ಇದೆ. ಆದರೆ ಅದಕ್ಕಿಂತ ಜಾಸ್ತಿ ಹೇಳಬೇಕಾಗಿರುವುದು ಆ ಕವರಿನ ಬಗ್ಗೆ. ಸಿಹಿ ತಿನ್ನಬೇಕು ಅನ್ನಿಸುವುದು ಒಂದು ವಿಷಯ, ಅದನ್ನು ಬಚ್ಚಿಡುವುದು ಇನ್ನೊಂದು. ಮೊದಲನೆಯದನ್ನು ನಾನೇ ಸರಿ ಮಾಡಿಕೊಂಡೆ. ಎರಡನೆಯದು ನನ್ನೊಬ್ಬಳಿಂದ ಆಗಲಿಲ್ಲ. ಎರಡೂ ಒಂದೇ ಅಂದುಕೊಂಡು ತುಂಬಾ ದಿನ ಕಳೆದುಬಿಟ್ಟೆ.

ಜುಲೈನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಶುಗರ್ ಅಂತ ನಾವೆಲ್ಲ ಕರೆಯುವ ಎಚ್‌ಬಿಎ1ಸಿ 6.1 ಬಂತು. 5.7ಕ್ಕಿಂತ ಕೆಳಗಿದ್ದರೆ ಸರಿ, 6.5 ಅಥವಾ ಅದಕ್ಕಿಂತ ಮೇಲಿದ್ದರೆ ಸಕ್ಕರೆ ಕಾಯಿಲೆ, ನಡುವೆ ಇದ್ದರೆ ಬಾರ್ಡರ್ ಲೈನ್. ನಮ್ಮಮ್ಮನಿಗೆ ಇಪ್ಪತ್ತು ವರ್ಷದಿಂದ ಶುಗರ್ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಲೆಕ್ಕ 2023ರಲ್ಲಿ ಬಂದಾಗ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅಂಚಿನಲ್ಲಿದ್ದಾರೆ ಅಂತ ಓದಿದ್ದೆ. ಆಗ ಅದು ಯಾರದೋ ಲೆಕ್ಕ ಅನ್ನಿಸಿತ್ತು. ಡಾಕ್ಟರು ಎರಡೇ ಮಾತು ಹೇಳಿದರು: "ಸಿಹಿ ಬಿಡಿ. ವಾಕ್ ಮಾಡಿ."

ಆಗಸ್ಟ್ 1ರಿಂದ ಪೂರ್ತಿ ಬಿಟ್ಟೆ. ಕಾಫಿಗೂ ಸಕ್ಕರೆ ಇಲ್ಲ. ಹನ್ನೆರಡು ದಿನ ನಡೆಯಿತು. ಹದಿಮೂರನೇ ದಿನ ನಮ್ಮವರ ಚಿಕ್ಕಪ್ಪನ ಮನೆಯ ಗೃಹಪ್ರವೇಶ. ಅಲ್ಲಿ ಎಲೆಯ ಮೇಲೆ ಬಡಿಸಿದ್ದನ್ನು ಮುಟ್ಟಲಿಲ್ಲ. ಬರುವಾಗ ಅರ್ಧ ಕೆಜಿ ಮೈಸೂರು ಪಾಕ್ ಡಬ್ಬ ಕೊಟ್ಟರು. ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಲೈಟು ಹಾಕದೆ, ನಿಂತುಕೊಂಡೇ ಮುಕ್ಕಾಲು ಡಬ್ಬ ತಿಂದೆ. ಹೊಟ್ಟೆ ನೋಯಲು ಶುರುವಾದ ಮೇಲೂ ಕೈ ನಿಲ್ಲಲಿಲ್ಲ. ಬೆಳಿಗ್ಗೆ ತಪ್ಪಿಗೆ ದಂಡ ಕಟ್ಟುವ ಹಾಗೆ ತಿಂಡಿ ಬಿಟ್ಟೆ, ಮಧ್ಯಾಹ್ನದ ಡಬ್ಬಿಯನ್ನೂ ಹಾಗೇ ವಾಪಸ್ ತಂದೆ. ಸಂಜೆ ಮತ್ತೆ ಬೇಕರಿ.

ಆಮೇಲೆ ಒಂದು ಡಯಟ್ ಕ್ಲಿನಿಕ್ಕಿಗೆ ಹೋದೆ. ಐದು ನಿಮಿಷದಲ್ಲಿ ಒಂದು ಅಚ್ಚು ಹಾಕಿದ ಹಾಳೆ ಕೈಗಿಟ್ಟರು. ಓಟ್ಸ್, ಬ್ರೊಕೊಲಿ, ಸಂಜೆ ನಾಲ್ಕು ಬಾದಾಮಿ. ರಾತ್ರಿ ನಿಂತುಕೊಂಡು ತಿನ್ನುವುದರ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸೆಪ್ಟೆಂಬರ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಲೆಕ್ಕ ಬರೆಯುವುದು ನನಗೆ ಗೊತ್ತಿರುವ ಕೆಲಸ. ಎಷ್ಟು ಕ್ಯಾಲೊರಿ ಅಂತ ಬರೆಯಲಿಲ್ಲ. ಆಸೆ ಎಷ್ಟು ಗಂಟೆಗೆ ಬಂತು, ಅದಕ್ಕೆ ಮುಂಚೆ ಏನು ತಿಂದಿದ್ದೆ, ಹಿಂದಿನ ರಾತ್ರಿ ಎಷ್ಟು ಹೊತ್ತು ನಿದ್ದೆ, ಯಾರ ಜೊತೆಗಿದ್ದೆ. ಇಷ್ಟೇ ನಾಲ್ಕು ಕಾಲಂ.

ಮೂರು ವಾರಕ್ಕೆ ಒಂದು ಚಿತ್ರ ಕಾಣಿಸಿತು. ನನ್ನ ಕಷ್ಟದ ಹೊತ್ತು ಸಂಜೆ ನಾಲ್ಕೂವರೆಯಿಂದ ಏಳು. ಮಧ್ಯಾಹ್ನ ಬರೀ ಒಂದಿಷ್ಟು ಮೊಸರನ್ನ ತಿಂದ ದಿನ ಆಸೆ ಜಾಸ್ತಿ. ಪ್ರತಿ ತಿಂಗಳು 20ನೇ ತಾರೀಕಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು. ಆ ವಾರ ಐದು ಗಂಟೆ ನಿದ್ದೆಯಾದರೆ ಹೆಚ್ಚು. ಆ ವಾರದ ಪುಟಗಳು ತುಂಬಿಹೋಗಿದ್ದವು. ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತು ಅಂತ ಹೇಳುವ ಹಾರ್ಮೋನು ಇಳಿಯುತ್ತದೆ. ಅಲ್ಲಿಯವರೆಗೆ ನನ್ನ ಮನಸ್ಸು ಗಟ್ಟಿಯಿಲ್ಲ ಅಂತ ಬೈದುಕೊಳ್ಳುತ್ತಿದ್ದೆ. ಅರ್ಧಕ್ಕರ್ಧ ಅದು ಹಸಿವು ಮತ್ತು ನಿದ್ದೆಯ ಲೆಕ್ಕವಾಗಿತ್ತು.

ಹಾಗಾಗಿ ಮೊದಲು ಊಟ ಸರಿ ಮಾಡಿಕೊಂಡೆ. ಡಬ್ಬಿಗೆ ಅನ್ನ ಸ್ವಲ್ಪ ಕಮ್ಮಿ, ಜೊತೆಗೆ ಹುರುಳಿ ಕಾಳಿನದೋ ಅಲಸಂದೆಯದೋ ಪಲ್ಯ, ಕೆಲವು ದಿನ ಬೇಯಿಸಿದ ಮೊಟ್ಟೆ. ನಾಲ್ಕೂವರೆಗೆ ಕಾಯದೆ, ನಾಲ್ಕಕ್ಕೇ ಹುರಿಗಡಲೆ, ಹೆಸರುಕಾಳಿನ ಉಸಲಿ ಅಥವಾ ಉಪ್ಪು ಖಾರ ಹಾಕಿದ ಸೀಬೆಹಣ್ಣು. ಹಸಿವಾದ ಮೇಲೆ ತಿನ್ನುವುದಕ್ಕೂ ಹಸಿವಾಗುವ ಮುಂಚೆ ತಿನ್ನುವುದಕ್ಕೂ ಇಷ್ಟು ವ್ಯತ್ಯಾಸ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗುವ ದಾರಿಯನ್ನೂ ಬದಲಾಯಿಸಿದೆ. ಬೇಕರಿಯ ಮುಂದೆ ಹೋಗಿ ಗಟ್ಟಿಯಾಗಿರಬೇಕು ಅಂತ ಯಾರೂ ನನಗೆ ಪರೀಕ್ಷೆ ಇಟ್ಟಿರಲಿಲ್ಲ, ಅಲ್ವಾ? ಮನೆಯಲ್ಲಿ ಆಸೆ ಬಂದರೆ ಗಡಿಯಾರ ನೋಡಿಕೊಂಡು ಟೆರೇಸಿಗೆ ಹೋಗಿ ಬಟ್ಟೆ ಮಡಿಸುತ್ತಿದ್ದೆ. ಹೊಟ್ಟೆ ತುಂಬಿದ್ದ ದಿನ ಹದಿನೈದು, ಇಪ್ಪತ್ತು ನಿಮಿಷಕ್ಕೆ ಅದು ತಾನಾಗೇ ಇಳಿಯುತ್ತಿತ್ತು. ಹಸಿದಿದ್ದ ದಿನ ಎಷ್ಟು ಬಟ್ಟೆ ಮಡಿಸಿದರೂ ಇಳಿಯುತ್ತಿರಲಿಲ್ಲ.

ಕಾಫಿಯ ಲೆಕ್ಕ ನೋಡಿ ನಾನು ಬೆಚ್ಚಿಬಿದ್ದೆ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ. ಮಟ್ಟಸವಾದ ಒಂದು ಚಮಚ ಸಕ್ಕರೆ ಸುಮಾರು 4 ಗ್ರಾಂ. ಅಲ್ಲಿಗೆ ದಿನಕ್ಕೆ 24 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಮೇಲಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ. ನನ್ನ 25 ಗ್ರಾಂ ಕಾಫಿಯಲ್ಲೇ ಮುಗಿದುಹೋಗಿತ್ತು. ಆದರೆ ಈ ಸಲ ಒಂದೇ ದಿನಕ್ಕೆ ಬಿಡಲಿಲ್ಲ. ಎರಡು ಚಮಚದಿಂದ ಒಂದೂವರೆ, ಎರಡು ವಾರ ಬಿಟ್ಟು ಒಂದು, ಮತ್ತೆ ಎರಡು ವಾರಕ್ಕೆ ಅರ್ಧ. ನಾಲಿಗೆ ಹೊಂದಿಕೊಳ್ಳುತ್ತದೆ. ಈಗ ಹೋಟೆಲಿನಲ್ಲಿ ಬೈಟು ಕಾಫಿಗೆ ಸಕ್ಕರೆ ಕಮ್ಮಿ ಅಂತ ಮೊದಲೇ ಹೇಳುತ್ತೇನೆ. ಅತ್ತೆ ಪ್ರೀತಿಯಿಂದ "ಸಕ್ಕರೆ ಬಿಟ್ಟು ಬೆಲ್ಲ ಹಾಕ್ಕೋ, ಏನೂ ಆಗಲ್ಲ" ಅಂದರು. ಅವರ ಮನಸ್ಸು ನೋಯಿಸದೆ ಹೇಳಬೇಕಾಯಿತು. ಬೆಲ್ಲವೂ ಬಹುಪಾಲು ಸಕ್ಕರೆಯೇ, ರಕ್ತದಲ್ಲಿ ಅದೂ ಏರುತ್ತದೆ.

ಇಲ್ಲಿ ಅಮ್ಮನಂಥವರ ವಿಷಯ ಒಂದು ಹೇಳಲೇಬೇಕು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಕೈ ನಡುಗಿ, ಬೆವರಿ, ಎದೆ ಹೊಡೆದುಕೊಂಡು ಸಿಹಿ ಬೇಕು ಅನ್ನಿಸಿದರೆ ಅದು ಬಾಯಿಚಪಲ ಅಲ್ಲ. ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಆಗ ತಡೆದುಕೊಳ್ಳುವುದೇ ಅಪಾಯ. ಎಚ್ಚರ ಇದ್ದರೆ ತಕ್ಷಣ ಮೂರು ನಾಲ್ಕು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಹಾಗೆಯೇ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ನೋಟ್‌ಬುಕ್ ಇಡುತ್ತಾ ಕೂರಬೇಡಿ. ಮೊದಲು ಡಾಕ್ಟರ ಹತ್ತಿರ ಹೋಗಿ.

ನವೆಂಬರ್ ಕೊನೆಗೆ ಸಂಜೆಯ ಆಸೆ ಮುಕ್ಕಾಲು ಪಾಲು ಇಳಿದಿತ್ತು. ಆದರೂ ರಾತ್ರಿಯ ತಿನ್ನುವಿಕೆ ನಿಂತಿರಲಿಲ್ಲ. ಒಂದು ಭಾನುವಾರ ಹದಿಮೂರು ವಾರದ ಪುಟಗಳನ್ನು ಒಟ್ಟಿಗೆ ತೆಗೆದು ಕೂಡಿದೆ. ಹದಿನೈದು ಸಲ. ಹದಿನೈದೂ ಸಲ ಕೊನೆಯ ಕಾಲಂನಲ್ಲಿ ಒಂದೇ ಮಾತು: ಒಬ್ಬಳೇ. ಇನ್ನೊಂದು ವಿಷಯವೂ ಅದರಲ್ಲೇ ಇತ್ತು. ಗಣೇಶನ ಹಬ್ಬ, ದಸರಾ, ದೀಪಾವಳಿ ಮೂರೂ ಆ ಹದಿಮೂರು ವಾರದೊಳಗೇ ಬಂದಿದ್ದವು. ಮನೆ ತುಂಬಾ ಕಡುಬು, ಹೋಳಿಗೆ. ಎಲ್ಲರ ಜೊತೆ ಕೂತು ಎರಡು ತಿಂದಿದ್ದೆ, ಸಾಕು ಅನ್ನಿಸಿ ಎದ್ದಿದ್ದೆ. ಸಿಹಿ ಎದುರಿಗಿದ್ದಾಗ ನನಗೆ ತೊಂದರೆ ಆಗಿರಲಿಲ್ಲ. ಬಾಗಿಲು ಹಾಕಿಕೊಂಡಾಗ ಆಗಿತ್ತು.

ಸಕ್ಕರೆ ಚಟ ಅಂತ ಜನ ಹೇಳುತ್ತಾರೆ. ಮನೋವೈದ್ಯರ ಪಟ್ಟಿಯಲ್ಲಿ ಆ ಹೆಸರಿನ ಕಾಯಿಲೆ ಇಲ್ಲ. ಆದರೆ ಬಿಂಜ್ ಈಟಿಂಗ್ ಡಿಸಾರ್ಡರ್ ಇದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ 2013ರಲ್ಲಿ ತನ್ನದೇ ಜಾಗ ಸಿಕ್ಕಿತು. ಕಡಿಮೆ ಹೊತ್ತಿನಲ್ಲಿ ತುಂಬಾ ತಿನ್ನುವುದು, ನಿಲ್ಲಿಸಲು ಆಗುತ್ತಿಲ್ಲ ಅನ್ನಿಸುವುದು, ಹೊಟ್ಟೆ ನೋಯುವವರೆಗೆ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ತನ್ನ ಮೇಲೇ ಅಸಹ್ಯಪಡುವುದು. ಇಂಥದ್ದು ವಾರಕ್ಕೆ ಒಂದು ಸಲದಂತೆ ಮೂರು ತಿಂಗಳು ನಡೆದಿದೆಯಾ ಅಂತ ನೋಡುತ್ತಾರೆ. ಹದಿಮೂರು ವಾರ, ಹದಿನೈದು ಸಲ. ನನ್ನ ಕೈಬರಹದಲ್ಲೇ ಇತ್ತು. ನನಗೆ ಆ ಕಾಯಿಲೆ ಇದೆ ಅಂತ ನಾನೇ ತೀರ್ಮಾನ ಮಾಡಲಿಲ್ಲ. ಇದನ್ನು ತೋರಿಸಬೇಕು ಅಂತ ತೀರ್ಮಾನ ಮಾಡಿದೆ. ಅಷ್ಟು ಮಾತ್ರ ನನ್ನ ಕೆಲಸ.

ಅದಾದ ಮೇಲೂ ಹತ್ತು ದಿನ ಸುಮ್ನೆ ಇದ್ದೆ. ಬೆಂಗಳೂರಿನಲ್ಲಿ ಬೆಳೆದವರಿಗೆ ಕಾರಣ ಹೇಳಬೇಕಾಗಿಲ್ಲ. ನಿಮ್ಹಾನ್ಸ್ ಅಂದರೆ ಇಲ್ಲಿನ ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರೆ. ಶಾಲೆಯಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ನಿಮ್ಹಾನ್ಸ್‌ಗೆ ಸೇರಿಸಬೇಕು" ಅಂತ ಆಡಿಕೊಳ್ಳುತ್ತಿದ್ದೆವು. ಆ ಮಾತು ನನ್ನ ಬಾಯಿಂದಲೂ ಬಂದಿದೆ. ಈಗ ನೆನೆದರೆ ಬೇಸರವಾಗುತ್ತದೆ. ಕೊನೆಗೆ ಮೈಸೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಹೊಂಗೆ ಮರದಿಂದ ಹಿಡಿದು ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ದಿನ ಒಬ್ಬಳೇ ಹೊತ್ಕೊಂಡಿದ್ಯಲ್ಲೇ" ಅಂದಳು. ಸಿಹಿ ಬಿಡು ಅಂತ ಹೇಳಲಿಲ್ಲ. ಎರಡು ವರ್ಷದಲ್ಲಿ ನನಗೆ ಅಷ್ಟು ಹಗುರ ಅನ್ನಿಸಿದ್ದು ಅವತ್ತೇ.

ಮಾರನೇ ದಿನ ಊಟದ ವಿರಾಮದಲ್ಲಿ ಟೆಲಿ ಮಾನಸ್‌ಗೆ ಕರೆ ಮಾಡಿದೆ. ನಂಬರ್ 14416. ಕೇಂದ್ರ ಸರ್ಕಾರ ಅಕ್ಟೋಬರ್ 2022ರಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಆ ಕಡೆಯ ಹೆಣ್ಣುಮಗಳು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಎದುರು ಕೂತು ನೋಡಿ, ಜೊತೆಗೆ ಥೈರಾಯ್ಡ್ ಮತ್ತು ಶುಗರ್ ಪರೀಕ್ಷೆಯ ರಿಪೋರ್ಟು ಒಯ್ಯಿರಿ ಅಂದರು. ಮನೆಗೆ ಹತ್ತಿರ ಇದ್ದ ಒಬ್ಬರ ಹತ್ತಿರ ಹೋದೆ. ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಒಟ್ಟು ಹನ್ನೊಂದು ಸಲ.

ಅವರು ಮೊದಲು ನಿಲ್ಲಿಸಿದ್ದು ನನ್ನ ಸಿಹಿಯನ್ನಲ್ಲ, ನನ್ನ ಉಪವಾಸವನ್ನು. ರಾತ್ರಿ ಏನೇ ತಿಂದಿರಲಿ, ಬೆಳಿಗ್ಗೆ ತಿಂಡಿ ಬಿಡುವ ಹಾಗಿಲ್ಲ. ಎರಡು ಊಟದ ನಡುವೆ ನಾಲ್ಕು ಗಂಟೆಗಿಂತ ಜಾಸ್ತಿ ಬಿಡುವ ಹಾಗಿಲ್ಲ. ಇದು ನನಗೆ ಬಹಳ ಭಯ ಹುಟ್ಟಿಸಿತು. ದಪ್ಪ ಆಗುತ್ತೇನೆ ಅನ್ನಿಸಿತು. ಮೂರನೇ ವಾರಕ್ಕೆ ರಾತ್ರಿಯ ಪುಟಗಳು ಖಾಲಿ ಬರಲು ಶುರುವಾದವು. ಇನ್ನೊಂದು ಕೆಲಸ ಕೊಟ್ಟರು: ವಾರಕ್ಕೊಂದು ಸಲ ಸಿಹಿಯನ್ನು ತಟ್ಟೆಯಲ್ಲಿ ಹಾಕಿಕೊಂಡು, ಮನೆಯವರ ಎದುರು, ಕೂತು ತಿನ್ನಬೇಕು. ಮೊದಲ ಸಲ ಹನಿ ಕೇಕ್ ಮನೆಗೆ ತಂದಾಗ ಕೈ ನಡುಗಿತು. ಮಗಳು ಕೇಳಿದ್ದು ಇಷ್ಟೇ: "ಅಮ್ಮ, ನಂಗೆ ತಂದಿಲ್ವಾ?" ತಂದಿದ್ದೆ. ನಮ್ಮವರಿಗೆ ಅವತ್ತು ರಾತ್ರಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಮುಂದಿನ ವಾರ ಅವರೇ ಕ್ಲಿನಿಕ್ಕಿನವರೆಗೆ ಬಂದು ಹೊರಗೆ ಕೂತಿದ್ದರು.

ಈ ಜೂನ್‌ನಲ್ಲಿ ಎಚ್‌ಬಿಎ1ಸಿ 5.8 ಇತ್ತು. ಇನ್ನೂ ಬಾರ್ಡರ್ ಲೈನೇ. ರಾತ್ರಿ ತಿನ್ನುವುದು ಏಪ್ರಿಲ್‌ನಿಂದ ಎರಡು ಸಲ ಆಗಿದೆ, ಎರಡೂ ಜಿಎಸ್‌ಟಿ ವಾರದಲ್ಲಿ. ಎರಡೂ ಸಲ ಬೆಳಿಗ್ಗೆ ತಿಂಡಿ ತಿಂದೆ, ಅಕ್ಕನಿಗೆ ಹೇಳಿದೆ.

ನಿಮಗೂ ಹೋಗಬೇಕು ಅನ್ನಿಸಿ, ಹೋಗಿ ಏನಂತ ಹೇಳುವುದು ಅಂತ ಗೊತ್ತಾಗದಿದ್ದರೆ, ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿದ್ದು ಇದು. ಲೆಕ್ಕ ಬದಲಾಯಿಸಿಕೊಂಡು ಇದನ್ನೇ ಓದಿ: "ನಾನು ಯಾರಿಗೂ ಗೊತ್ತಾಗದ ಹಾಗೆ ಸಿಹಿ ತಿನ್ನುತ್ತೇನೆ. ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲ. ಹದಿಮೂರು ವಾರದಲ್ಲಿ ಹದಿನೈದು ಸಲ ಆಗಿದೆ. ಮಾರನೇ ದಿನ ಉಪವಾಸ ಇರುತ್ತೇನೆ. ನೋಟ್‌ಬುಕ್ ತಂದಿದ್ದೇನೆ, ದಯವಿಟ್ಟು ನೋಡಿ."